ತಿರುಗು ಎಂಜಿನಿನ ಜನಕ ಫೆಲಿಕ್ಸ್ ವಾಂಕೆಲ್

ಕೊಲ್ಲಿಯ ದೇಶವೊಂದರ ಗ್ಯಾರೇಜಿನಲ್ಲಿ ದುಡಿಯುತ್ತಿರುವ ನಮ್ಮ ನಾಡಿನ ತರುಣನೊಬ್ಬನು ರಜೆಯ ಮೇಲೆ ಊರಿಗೆ ಹೋಗುವ ಹಾದಿಯಲ್ಲಿ ಮೊನ್ನೆ ನಮ್ಮ ಕಚೇರಿಗೆ ಬಂದಿದ್ದನು. ಮಾತಿನ ನಡುವೆ ತಾನು ಈಚೆಗೆ ಮಾಡಿ ಮುಗಿಸಿದ ಕೆಲಸವೊಂದನ್ನು ಬಣ್ಣಿಸಿದನು. ಜಪಾನಿನ ಮಜ್ದಾ ಕಂಪೆನಿಯ ಆರ್‌ಎಕ್ಸ್-7 ಎಂಬ ಹಳೆಯ ಸ್ಪೋರ್ಟ್ಸ್ ಕಾರಿನಿಂದ ಕಂಪೆನಿಯ ರೇಡಿಯೇಟರನ್ನು ಕಳಚಿ, ಅದರ ಸ್ಥಾನದಲ್ಲಿ ಬೇರೆ ತಯಾರಕರ ದಪ್ಪನೆಯ ಅಲ್ಯುಮಿನಿಯಮ್ ರೇಡಿಯೇಟರನ್ನು ಕೂಡಿಸಿದ ಕೆಲಸವದು. ಎರಡು ದಿನ ಹಿಡಿಯಿತಂತೆ. ಉಳಿದ ಕಾರುಗಳಲ್ಲಿ ಕಾವು ತುಸು ಮೀರಿದರೆ ನಿಲ್ಲಿಸಿ, ತಣಿಸಿ, ಎಷ್ಟೋ ವೇಳೆ ಮತ್ತೆ ಓಡಿಸಬಹುದು. ಈ ಕಾರಿನಲ್ಲಿ ಒಮ್ಮೆ ಕಾವು ಮೀರಿತೆಂದರೆ ಎಂಜಿನನ್ನೇ ಪೂರ್ತಿ ಬಿಚ್ಚಬೇಕಾದೀತು ಎಂಬುದು ಆತನ ಅನುಭವ. ಇಂತಹ ವಿಚಿತ್ರ ಎಂಜಿನನ್ನು ಮಾಡಿದ ಮಹಾನುಭಾವನು ಯಾರು ಎಂದು ಆತನು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಇಂದು ಆತನಿಗೂ, ಆತನಂತೆ ಯಂತ್ರಗಳ ನಡುವೆ ಬಾಳುತ್ತಿರುವ ನಮ್ಮ ಇತರ ವಾಚಕರಿಗೂ ಅರ್ಪಿಸುತ್ತಿದ್ದೇವೆ.

ಓದುತ್ತ ಹೋದಂತೆ ನಮಗೆ ಸಂತೋಷವಾದಷ್ಟೇ ಸಂಕಟವೂ ಆಯಿತು. ಏಕೆಂದರೆ ಇದು ಮೆಚ್ಚಿ ತಲೆದೂಗಬೇಕಾದ ಜೀವನವೂ ಹೌದು, ಎಚ್ಚರಿಕೆಯಿಂದ ನೋಡಬೇಕಾದ ಜೀವನವೂ ಹೌದು.

ಒನಕೆ ಮತ್ತು ಬೀಸುಕಲ್ಲು

ಜೀವನಕ್ಕೆ ಹೋಗುವ ಮೊದಲು ಯಂತ್ರದ ಬಗೆಯನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳುವುದು ಲೇಸು. ನಮ್ಮ ಹಳ್ಳಿಮನೆಗಳಲ್ಲಿ ಭತ್ತ ಕುಟ್ಟಲು ಒನಕೆಯಿತ್ತು, ಹಿಟ್ಟು ಮಾಡಲು ಬೀಸುಕಲ್ಲಿತ್ತು. ಒನಕೆಯು ಮೇಲೇರಬೇಕು, ಅರೆಗಳಿಗೆ ನಿಲ್ಲಬೇಕು, ಕೆಳಗಿಳಿಯಬೇಕು, ಮತ್ತೆ ನಿಲ್ಲಬೇಕು. ಬೀಸುಕಲ್ಲಿಗೆ ನಿಲುಗಡೆಯಿಲ್ಲ. ಒಂದೇ ದಿಕ್ಕಿಗೆ ಸುತ್ತುತ್ತಲೇ ಅದು ತನ್ನ ಕೆಲಸವನ್ನು ಮಾಡುವುದು. ನಾವು ಬೀದಿಯಲ್ಲಿ ಕಾಣುವ ಸಾಮಾನ್ಯ ಪೆಟ್ರೋಲ್ ಕಾರುಗಳ ಎಂಜಿನಿನ ಪಿಸ್ಟನ್ನು ಒನಕೆಯ ಜಾತಿಯದು. ಮೇಲುಕೆಳಗಿನ ಅದರ ಓಟವನ್ನು ಚಕ್ರದ ಸುತ್ತಾಗಿ ತಿರುಗಿಸಲು ನಡುವೆ ಸರಳುಗಳೂ ಕ್ರ್ಯಾಂಕೂ ಬೇಕು, ಗಾಳಿಯನ್ನು ಒಳಹೊರಗೆ ಬಿಡಲು ವಾಲ್ವುಗಳು ಬೇಕು.

ವಾಂಕೆಲನ ಎಂಜಿನ್ನು ಬೀಸುಕಲ್ಲಿನ ಜಾತಿಯದು. ನಡು ತುಸು ಒಳಸರಿದ ಮೊಟ್ಟೆಯಾಕಾರದ ಒಂದು ಕೋಣೆ. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನಾಕಾರದ ಒಂದು ರೋಟರು. ರೋಟರಿನ ಮೂರು ಮೂಲೆಗಳೂ ಸದಾ ಕೋಣೆಯ ಗೋಡೆಗೆ ತಗಲಿಕೊಂಡೇ ಸುತ್ತುವುದರಿಂದ ನಡುವೆ ಮೂರು ಎಡೆಗಳು ಏರ್ಪಡುತ್ತವೆ. ಸುತ್ತಿದಂತೆಲ್ಲ ಒಂದೊಂದು ಎಡೆಯೂ ಹಿಗ್ಗಿ ಗಾಳಿ ಪೆಟ್ರೋಲುಗಳನ್ನು ಹೀರುವುದು, ಕುಗ್ಗಿ ಅದನ್ನು ಒತ್ತುವುದು, ಕಿಡಿ ತಾಗಿ ಉರಿದಾಗ ರೋಟರನ್ನು ನೂಕುವುದು, ಕೊನೆಗೆ ಹೊಗೆಯನ್ನು ಹೊರಗಟ್ಟುವುದು. ರೋಟರು ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡವು ಮೂರು ಸುತ್ತು ತಿರುಗುವುದು. ವಾಲ್ವುಗಳಿಲ್ಲ, ಏರಿಳಿತವಿಲ್ಲ, ನಡುಕವೂ ಅಲ್ಪ. ಸಣ್ಣ ಗಾತ್ರದಲ್ಲಿ ದೊಡ್ಡ ಬಲ. ಇಷ್ಟೆಲ್ಲ ಗುಣಗಳಿರುವ ಈ ಯಂತ್ರಕ್ಕೆ ಎರಡು ಕಷ್ಟಗಳು ಹುಟ್ಟಿನಿಂದಲೇ ಅಂಟಿಬಂದವು. ಮೂಲೆಗಳಲ್ಲಿ ಉರಿಗಾಳಿ ಸೋರದಂತೆ ಮುಚ್ಚುವುದು ಒಂದು, ಕಾವನ್ನು ಹೊರಗೆ ಸಾಗಿಸುವುದು ಇನ್ನೊಂದು.

ತಂದೆಯಿಲ್ಲದ ಹುಡುಗ

ಫೆಲಿಕ್ಸ್ ವಾಂಕೆಲನು 1902ನೆಯ ಇಸವಿ ಆಗಸ್ಟ್ 13ರಂದು ಜರ್ಮನಿಯ ಬಾಡೆನ್ ಪ್ರಾಂತದ ಲಾರ್ ಎಂಬ ಪಟ್ಟಣದಲ್ಲಿ ಜನಿಸಿದನು. ಕಪ್ಪು ಕಾಡು ಎಂದು ಹೆಸರಾದ ಬೆಟ್ಟಸೀಮೆಯ ಅಂಚಿನಲ್ಲಿರುವ ಊರದು. ತಂದೆ ರುಡಾಲ್ಫನು ಅರಣ್ಯ ಇಲಾಖೆಯ ಅಧಿಕಾರಿ. ಫೆಲಿಕ್ಸನು ಒಬ್ಬನೇ ಮಗ. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ರಣರಂಗಕ್ಕೆ ಹೋದ ತಂದೆಯು ಹಿಂದಿರುಗಲಿಲ್ಲ. ಹನ್ನೆರಡು ವರ್ಷದ ಮಗನೊಡನೆ ವಿಧವೆಯಾದ ತಾಯಿ ಗೆರ್ಟಿಯು ಆಮೇಲೆ ಹೈಡೆಲ್‌ಬರ್ಗ್ ನಗರಕ್ಕೆ ಬಂದು ನೆಲೆಸಿದಳು. ಯುದ್ಧದ ಬೆನ್ನಿಗೇ ಜರ್ಮನಿಯಲ್ಲಿ ಹಣದ ಬೆಲೆ ಪಾತಾಳಕ್ಕಿಳಿದು, ಮಧ್ಯಮ ವರ್ಗದವರು ಕೂಡಿಟ್ಟ ಗಂಟು ಕಣ್ಣೆದುರೇ ಕರಗಿತು.

1921ರಲ್ಲಿ ಫೆಲಿಕ್ಸನು ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಕೊನೆಯ ಪರೀಕ್ಷೆಯನ್ನು ಮುಗಿಸದೆಯೇ ಶಾಲೆಯನ್ನು ಬಿಟ್ಟನು. ಎಂಜಿನಿಯರಿಂಗ್ ವಿದ್ಯೆಯನ್ನು ಯಾವ ಕಾಲೇಜಿನಲ್ಲಿಯೂ ಆತನು ಕಲಿಯಲಿಲ್ಲ. ಹೈಡೆಲ್‌ಬರ್ಗಿನ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಮಾರಾಟದ ಕೆಲಸ ಕಲಿಯುವ ಉಮೇದುವಾರನಾಗಿ ಸೇರಿ, 1926ರವರೆಗೆ ಅಲ್ಲಿ ಹೊಟ್ಟೆ ಹೊರೆದನು. ಸಾಲದುದಕ್ಕೆ ಆತನ ಕಣ್ಣು ಹುಟ್ಟಾ ಮಂದ. ಹತ್ತಿರದ ವಸ್ತುವಷ್ಟೇ ಸ್ಪಷ್ಟ, ದೂರದ್ದೆಲ್ಲ ಮಸುಕು. ಮೋಟಾರು ಜಗತ್ತಿಗೆ ಹೊಸ ಎಂಜಿನನ್ನು ಕೊಟ್ಟ ಈತನು ಬಾಳಿನುದ್ದಕ್ಕೂ ಕಾರು ಓಡಿಸುವ ಲೈಸೆನ್ಸನ್ನು ಪಡೆಯಲಿಲ್ಲವೆಂಬುದು ನಂಬಲಾಗದ ಸಂಗತಿಯಾದರೂ ನಿಜ.

ಆದರೆ ಮನಸ್ಸಿನ ಕಣ್ಣು ಮಂದವಾಗಿರಲಿಲ್ಲ. ಹದಿನೇಳರ ಹರೆಯದಲ್ಲಿಯೇ ಅರ್ಧ ಟರ್ಬೈನು ಅರ್ಧ ಪಿಸ್ಟನ್ನು ಎನ್ನುವಂತಹ ಹೊಸ ಬಗೆಯ ಎಂಜಿನಿನ ಕಾರೊಂದನ್ನು ಆತನು ಕನಸಿನಲ್ಲಿ ಕಂಡನೆಂದೂ, ಅದನ್ನು ಗೆಳೆಯರಿಗೆ ಹೇಳಿದನೆಂದೂ ಪ್ರತೀತಿಯಿದೆ. ಕನಸಿನ ಮಾತು ಹೇಗೇ ಇರಲಿ, 1924ರಲ್ಲಿ ಹೈಡೆಲ್‌ಬರ್ಗಿನಲ್ಲಿ ಚಿಕ್ಕದೊಂದು ಕಾರ್ಯಾಗಾರವನ್ನು ಹೂಡಿದುದೂ, 1929ರಲ್ಲಿ ತಿರುಗು ಎಂಜಿನಿನ ಕಲ್ಪನೆಗೆ ಮೊದಲ ಪೇಟೆಂಟನ್ನು ಪಡೆದುದೂ ದಾಖಲೆಯ ಮಾತು. ಪದವಿಯಿಲ್ಲ, ದುಡ್ಡಿಲ್ಲ, ನೆಟ್ಟಗೆ ಕಣ್ಣು ಕಾಣದು. ಆದರೂ ಒಂದೇ ವಿಚಾರವನ್ನು ಹಿಡಿದು ಮೂವತ್ತು ವರ್ಷ ಜಗ್ಗಿದ ಈ ಛಲವನ್ನು, ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಪರವೂರಿಗೆ ಬಂದ ನಮ್ಮಂಥವರು ಮೆಚ್ಚದಿರುವುದು ಹೇಗೆ?

ಕಳಂಕದ ವರ್ಷಗಳು

ಇಲ್ಲಿಯವರೆಗಿನ ಕಥೆಯನ್ನಷ್ಟೇ ಹೇಳಿ ಮುಂದೆ ಜಾರಿಕೊಳ್ಳುವವರು ಬಹಳ ಮಂದಿ. ನಾವು ಹಾಗೆ ಮಾಡಲಾರೆವು.

ಸೋಲಿನ ಅವಮಾನದಲ್ಲಿ ಬೆಂದಿದ್ದ ಅಂದಿನ ಜರ್ಮನಿಯಲ್ಲಿ ಯಹೂದಿ ಜನರನ್ನು ಎಲ್ಲ ಕೇಡಿಗೂ ಕಾರಣರೆಂದು ದೂಷಿಸುವ ಸಂಘಗಳು ಅಣಬೆಗಳಂತೆ ಎದ್ದಿದ್ದವು. ಹತ್ತೊಂಬತ್ತರ ತರುಣ ವಾಂಕೆಲನು 1921ರಲ್ಲಿ ಅಂತಹದೊಂದು ಸಂಘವನ್ನೂ, 1922ರಲ್ಲಿ ಹಿಟ್ಲರನ ನಾಜಿ ಪಕ್ಷವನ್ನೂ ಸೇರಿದನು. ಹುಡುಗರ ದಳಗಳನ್ನು ಕಟ್ಟಿ ಅವರಿಗೆ ಸೈನಿಕ ರೀತಿಯ ಕವಾಯತು ಕಲಿಸಿದನು. 1931ರಲ್ಲಿ ಬಾಡೆನ್ ಪ್ರಾಂತದ ಹಿಟ್ಲರ್ ಯುವದಳದ ನಾಯಕತ್ವವು ಆತನ ಕೈಗೆ ಬಂದಿತು. ಯಾರೂ ಬಲವಂತದಿಂದ ಆತನನ್ನು ಎಳೆದೊಯ್ದುದಲ್ಲ. ಮನಸಾರೆ ನಂಬಿ ಹೋದವನು ಆತನು.

ಪ್ರಾಂತದ ನಾಜಿ ಮುಖಂಡ ರಾಬರ್ಟ್ ವಾಗ್ನರನೊಡನೆ ಆತನಿಗೆ ಜಗಳ ಹುಟ್ಟಿತು. ವಾಗ್ನರನು ಲಂಚಕೋರನೆಂದು ವಾಂಕೆಲನು ಬಹಿರಂಗವಾಗಿ ಆಪಾದಿಸಿದನು. ಪರಿಣಾಮವಾಗಿ 1932ರಲ್ಲಿ ಪಕ್ಷದಿಂದ ಹೊರಬಿದ್ದನು. 1933ರಲ್ಲಿ ನಾಜಿಗಳು ಅಧಿಕಾರ ಹಿಡಿದೊಡನೆ ವಾಗ್ನರನು ಸೇಡು ತೀರಿಸಿಕೊಂಡು, ಮಾರ್ಚ್ ತಿಂಗಳಲ್ಲಿ ವಾಂಕೆಲನನ್ನು ಹುಟ್ಟೂರಿನ ಸೆರೆಮನೆಗೇ ತಳ್ಳಿದನು. ಹಿಟ್ಲರನ ಆರ್ಥಿಕ ಸಲಹೆಗಾರನಾಗಿದ್ದ ವಿಲ್ಹೆಲ್ಮ್ ಕೆಪ್ಲರನು ನಡುವೆ ಬಂದು ಸೆಪ್ಟೆಂಬರಿನಲ್ಲಿ ಬಿಡಿಸಿದನು. ಆತನ ಸೆರೆವಾಸವನ್ನು ಮುಂದೊಡ್ಡಿ, ವಾಂಕೆಲನು ನಾಜಿಗಳ ವಿರೋಧಿಯೆಂದು ಸಾರುವವರಿದ್ದಾರೆ. ಅದು ಸರಿಯಲ್ಲ. ಜಗಳವು ಮನೆಯೊಳಗಿನದು, ತತ್ತ್ವದ್ದಲ್ಲ. 1940ರಲ್ಲಿ ಆತನು ಕ್ರೌರ್ಯಕ್ಕೆ ಕುಖ್ಯಾತವಾದ ಎಸ್.ಎಸ್. ದಳದಲ್ಲಿ ಮೇಲ್ದರ್ಜೆಯ ಅಧಿಕಾರಿಯ ಪದವಿಯನ್ನು ಸ್ವೀಕರಿಸಿದನು. ಎರಡು ವರ್ಷಗಳ ಬಳಿಕ ಆ ಸದಸ್ಯತ್ವವು ರದ್ದಾಯಿತು.

ಕೆಪ್ಲರನ ಕೃಪೆಯಿಂದಲೇ 1936ರಲ್ಲಿ ಬೋಡೆನ್ ಸರೋವರದ ದಡದ ಲಿಂಡಾವ್ ಪಟ್ಟಣದಲ್ಲಿ ಆತನಿಗೆ ಸ್ವಂತ ಪ್ರಯೋಗಶಾಲೆ ದೊರೆಯಿತು. ಯುದ್ಧ ವಿಮಾನಗಳ ಎಂಜಿನುಗಳಿಗೆ ತಿರುಗು ವಾಲ್ವುಗಳನ್ನೂ, ಸೋರಿಕೆ ತಡೆಯುವ ಸೀಲುಗಳನ್ನೂ ಆತನು ಅಲ್ಲಿ ರೂಪಿಸಿದನು. ಆತನ ಕೈಗೆ ಸಿಕ್ಕಿದ ಮಹತ್ವದ ಕೀಲಿಕೈ ಇದು. ಸೀಲನ್ನು ಬರಿಯ ಸ್ಪ್ರಿಂಗಿನ ಬಲದಿಂದ ಗೋಡೆಗೆ ಒತ್ತಿದರೆ ಸಾಲದು. ಯಾವ ಅನಿಲವನ್ನು ತಡೆಯಬೇಕೋ ಅದರ ಒತ್ತಡವೇ ಸೀಲಿನ ಬೆನ್ನಿಗೆ ಬಂದು ಅದನ್ನು ಗೋಡೆಗೆ ಅದುಮುವಂತೆ ಮಾಡಬೇಕು. ಒತ್ತಡ ಏರಿದಷ್ಟೂ ಮುಚ್ಚುವಿಕೆಯೂ ಬಿಗಿಯಾಗುವುದು. ಸೋರಿಕೆ ತಡೆಯುವ ಈ ವಿದ್ಯೆಯಲ್ಲಿ ವಾಂಕೆಲನಿಗೆ ಸಮಾನರು ಅಂದು ವಿರಳ. ಆದರೆ ಆ ವಿದ್ಯೆಗೆ ಅಂದು ಅನ್ನವಿಟ್ಟುದು ಯುದ್ಧ, ಅದೂ ಲಕ್ಷಾಂತರ ನಿರಪರಾಧಿಗಳನ್ನು ಕೊಂದವರ ಯುದ್ಧ, ಎಂಬುದನ್ನು ಜೊತೆಗೇ ಬರೆದಿಡಬೇಕು.

1945ರಲ್ಲಿ ಫ್ರೆಂಚ್ ಸೇನೆಯು ಲಿಂಡಾವಿಗೆ ಬಂದು ಪ್ರಯೋಗಶಾಲೆಯನ್ನು ಮುಚ್ಚಿತು, ಕೆಲಸದ ಕಾಗದಪತ್ರಗಳನ್ನು ವಶಪಡಿಸಿಕೊಂಡಿತು, ವಾಂಕೆಲನನ್ನು ಕೆಲವು ತಿಂಗಳು ಸೆರೆಯಲ್ಲಿಟ್ಟಿತು. ನಲವತ್ತಮೂರನೆಯ ವಯಸ್ಸಿನಲ್ಲಿ ಆತನು ಬರಿಗೈಯವನಾದನು.

ಎರಡನೆಯ ಆರಂಭ

1951ರಲ್ಲಿ ಪಿಸ್ಟನ್ ಉಂಗುರಗಳನ್ನು ಮಾಡುವ ಗೋಯೆಟ್ಸೆ ಕಂಪೆನಿಯು ಸಹಾಯಹಸ್ತ ನೀಡಿತು. ಲಿಂಡಾವಿನ ತನ್ನ ಮನೆಯಲ್ಲಿಯೇ ವಾಂಕೆಲನು ಮತ್ತೆ ಕೆಲಸ ತೊಡಗಿದನು. ಮೋಟಾರ್ ಸೈಕಲ್ಲುಗಳಿಗೆ ಹೆಸರಾದ ಎನ್‌ಎಸ್‌ಯು ಕಂಪೆನಿಯೊಡನೆ ಒಪ್ಪಂದವಾಯಿತು. ಕೋಣೆಗೆ ಯಾವ ಆಕಾರ, ರೋಟರಿಗೆ ಯಾವ ಆಕಾರ ಎಂದು ನೂರಾರು ಜೋಡಿಗಳನ್ನು ಕಾಗದದ ಮೇಲೆ ಕೂಡಿಸಿ ಕಳೆದು, 1954ರಲ್ಲಿ ಆತನು ಆ ಮೊಟ್ಟೆಯಾಕಾರದ ಕೋಣೆಯನ್ನೂ ತ್ರಿಕೋನದ ರೋಟರನ್ನೂ ನಿಶ್ಚಯಿಸಿದನು. 1957ರ ಫೆಬ್ರವರಿ 1ರಂದು ಮೊದಲ ಎಂಜಿನ್ನು ಓಡಿತು. ಅದರ ಬಲ 21 ಅಶ್ವಶಕ್ತಿ.

ಆದರೆ ಆ ಮೊದಲ ಎಂಜಿನಿನಲ್ಲಿ ರೋಟರಿನ ಜೊತೆಗೆ ಅದರ ಕೋಣೆಯೂ ಸುತ್ತುತ್ತಿತ್ತು. ನಡುಕವೇ ಇಲ್ಲದ ಶುದ್ಧ ತಿರುಗಾಟ, ನಿಜ. ಸ್ಪಾರ್ಕ್ ಪ್ಲಗ್ಗು ಬದಲಾಯಿಸಬೇಕಾದರೆ ಮಾತ್ರ ಎಂಜಿನನ್ನೇ ಬಿಚ್ಚಬೇಕಾಗಿತ್ತು. ಎನ್‌ಎಸ್‌ಯುವಿನ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ ಎಂಬವನು ಕೋಣೆಯನ್ನು ನಿಲ್ಲಿಸಿ, ರೋಟರು ಮಾತ್ರ ಓಲಾಡುತ್ತ ಸುತ್ತುವಂತೆ ಮಾಡಿದನು. 1958ರಲ್ಲಿ ಅದು ಓಡಿತು. ವಾಂಕೆಲನಿಗೆ ಇದು ರುಚಿಸಲಿಲ್ಲ. ತನ್ನ ಉತ್ತಮ ತಳಿಯ ಕುದುರೆಯನ್ನು ನೇಗಿಲಿಗೆ ಕಟ್ಟಿದರೆಂದು ಆತನು ನೊಂದುಕೊಂಡನು. ಆದರೆ ಇಂದು ವಾಂಕೆಲನ ಹೆಸರಿನಿಂದ ಲೋಕವು ಕರೆಯುವ ಎಂಜಿನ್ನು ಪಾಶ್ಕೆ ತಿದ್ದಿದ ಈ ರೂಪದ್ದೇ. ಶೋಧಕನ ಕಣ್ಣಿಗೆ ಪರಿಶುದ್ಧತೆ ದೊಡ್ಡದು, ದುರಸ್ತಿಗಾರನ ಕಣ್ಣಿಗೆ ಪ್ಲಗ್ಗು ಕೈಗೆಟಕುವುದು ದೊಡ್ಡದು. ಪೇಟೆಯಲ್ಲಿ ಗೆದ್ದುದು ಎರಡನೆಯದು.

1960ರ ಜನವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಎಂಜಿನನ್ನು ವಿದ್ವಾಂಸರ ಮುಂದೆ ಪ್ರದರ್ಶಿಸಲಾಯಿತು. ಲೋಕದ ಕಾರು ತಯಾರಕರು ಲೈಸೆನ್ಸಿಗಾಗಿ ಸಾಲುಗಟ್ಟಿದರು. 1964ರಲ್ಲಿ ಎನ್‌ಎಸ್‌ಯು ಸ್ಪೈಡರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಮಾರುಕಟ್ಟೆಗೆ ಬಂದಿತು. ತಿರುಗು ಎಂಜಿನಿನಿಂದ ಓಡಿ ಜನರ ಕೈಗೆ ಮಾರಾಟವಾದ ಮೊದಲ ಕಾರದು. ಅದರ ಎಂಜಿನ್ನು ಹಿಂದೆ, ರೇಡಿಯೇಟರು ಮುಂದೆ. ಬಿಸಿನೀರು ಕಾರಿನ ಉದ್ದಕ್ಕೂ ಕೊಳವೆಗಳಲ್ಲಿ ಹರಿದು ಮೂತಿಯ ಬಳಿ ತಣಿದು ಹಿಂದಿರುಗಬೇಕಾಗಿತ್ತು. ಅರ್ಧ ಲೀಟರಿಗೂ ಒಂದು ತೊಟ್ಟು ಕಡಿಮೆಯಾದ ಎಂಜಿನಿಗೂ ಇಷ್ಟು ಏರ್ಪಾಡು ಬೇಕಾಯಿತೆಂದರೆ, ಕಾವಿನ ಪ್ರಶ್ನೆಯು ಮೊದಲ ದಿನದಿಂದಲೇ ಜೊತೆಗಿತ್ತೆಂದು ತಿಳಿಯಬಹುದು.

1967ರಲ್ಲಿ ರೋ 80 ಎಂಬ ದೊಡ್ಡ ಕಾರು ಬಂದು, 1968ರ ಸಾಲಿನ ಯುರೋಪಿನ ಶ್ರೇಷ್ಠ ಕಾರೆಂಬ ಬಿರುದನ್ನೂ ಪಡೆಯಿತು. ಆದರೆ ರೋಟರಿನ ಮೂಲೆಯ ಸೀಲುಗಳು ಬೇಗನೆ ಸವೆದು, ಕಂಪೆನಿಯು ಗ್ಯಾರಂಟಿಯಂತೆ ಎಂಜಿನಿನ ಮೇಲೆ ಎಂಜಿನನ್ನು ಬದಲಿಸಿ ಕೊಟ್ಟು ಸೋತುಹೋಯಿತು. ರೋ 80ರ ಒಡೆಯರು ದಾರಿಯಲ್ಲಿ ಎದುರಾದಾಗ, ಇದು ಎಷ್ಟನೆಯ ಎಂಜಿನೆಂದು ಪರಸ್ಪರ ಬೆರಳೆತ್ತಿ ತೋರಿಸುತ್ತಿದ್ದರೆಂಬ ನಗೆಮಾತು ಹುಟ್ಟಿತು. 1969ರಲ್ಲಿ ಎನ್‌ಎಸ್‌ಯು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡು ಫೋಕ್ಸ್‌ವಾಗನ್ ಬಳಗದೊಳಗೆ ಸೇರಿತು.

ಹಿರೋಶಿಮಾದ ನಲವತ್ತೇಳು ಮಂದಿ

ಜರ್ಮನಿಯಲ್ಲಿ ಸೊರಗಿದ ಬಳ್ಳಿಯು ಚಿಗುರಿದುದು ಜಪಾನಿನ ಹಿರೋಶಿಮಾದಲ್ಲಿ. 1945ರಲ್ಲಿ ಅಣುಬಾಂಬಿನಿಂದ ಉರಿದುಹೋದ ಅದೇ ನಗರದ ತೋಯೊ ಕೋಗ್ಯೊ ಕಂಪೆನಿಯು 1961ರಲ್ಲಿ ಲೈಸೆನ್ಸ್ ಪಡೆದು, 1963ರಲ್ಲಿ ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರನ ಮುಂದಾಳುತನದಲ್ಲಿ ನಲವತ್ತೇಳು ಮಂದಿಯನ್ನು ಈ ಒಂದೇ ಕೆಲಸಕ್ಕೆ ನಿಯಮಿಸಿತು. ಮಜ್ದಾ ಎಂಬುದು ಆ ಕಂಪೆನಿಯ ಕಾರುಗಳ ಹೆಸರು, ಮುಂದೆ ಕಂಪೆನಿಯ ಹೆಸರೂ ಅದೇ ಆಯಿತು. ಸೀಲಿನ ತುದಿಯು ಕೋಣೆಯ ಗೋಡೆಯ ಮೇಲೆ ಕುಣಿದು ಅಲೆಅಲೆಯಾಗಿ ಗೀರುಗಳನ್ನು ಕೊರೆಯುತ್ತಿತ್ತು. ಅದಕ್ಕೆ ಅವರು ದೆವ್ವದ ಉಗುರಿನ ಗೀರೆಂದು ಹೆಸರಿಟ್ಟರು. ಕಡೆಗೆ ಇಂಗಾಲವನ್ನೂ ಅಲ್ಯುಮಿನಿಯಮನ್ನೂ ಬೆರೆಸಿದ ಸೀಲುಗಳಿಂದ ಆ ದೆವ್ವವನ್ನು ಪಳಗಿಸಿ, 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರನ್ನು ಮಾರಾಟಕ್ಕೆ ತಂದರು. 1978ರಲ್ಲಿ ಆರ್‌ಎಕ್ಸ್-7 ಬಂದಿತು. ಮೂರು ಪೀಳಿಗೆಗಳಲ್ಲಿ, 2002ರಲ್ಲಿ ನಿಲ್ಲುವವರೆಗೆ, ಎಂಟು ಲಕ್ಷಕ್ಕೂ ಮಿಕ್ಕಿ ಕಾರುಗಳು ತಯಾರಾದವು. ನಮ್ಮ ತರುಣನು ರೇಡಿಯೇಟರು ಕೂಡಿಸಿದುದು ಅವುಗಳಲ್ಲೊಂದಕ್ಕೆ, 1991ರ ಬಳಿಕ ಬಂದ ಮೂರನೆಯ ಪೀಳಿಗೆಯದಕ್ಕೆ.

ಕಾವಿನ ಕಾಟ

ಹೋಟೆಲಿನ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ನಿಂತ ನಮಗೆ ಈ ಎಂಜಿನಿನ ಕಾವಿನ ಕಷ್ಟವು ಬೇಗನೆ ಅರ್ಥವಾಯಿತು. ದೋಸೆಯ ಕಾವಲಿಯ ಕೆಳಗೆ ಉರಿಯು ಸದಾ ಒಂದೇ ಬದಿಗೆ ಬಿದ್ದರೆ ಕಾವಲಿಯು ಡೊಂಕಾಗುವುದು. ಪಿಸ್ಟನ್ ಎಂಜಿನಿನಲ್ಲಿ ಒಂದೇ ಕೋಣೆಯು ಒಮ್ಮೆ ತಣ್ಣನೆಯ ಗಾಳಿಯನ್ನು ಹೀರಿ, ಇನ್ನೊಮ್ಮೆ ಉರಿಯುವುದರಿಂದ ಬಿಸಿಯೂ ತಂಪೂ ಸರದಿಯಲ್ಲಿ ಬರುತ್ತವೆ. ತಿರುಗು ಎಂಜಿನಿನಲ್ಲಿ ಹಾಗಲ್ಲ. ಗಾಳಿ ಹೀರುವ ಕಡೆಯು ಸದಾ ತಂಪು, ಉರಿಯುವ ಕಡೆಯು ಸದಾ ಬಿಸಿ. ಉರಿಯುವ ಎಡೆಯು ಉದ್ದವಾಗಿ ತೆಳ್ಳಗಿರುವುದರಿಂದ ಗೋಡೆಗೆ ತಗಲುವ ಕಾವೂ ಹೆಚ್ಚು. ರೋಟರಿನ ಹೊಟ್ಟೆಯನ್ನು ತಣಿಸಲು ನೀರು ಹೋಗಲಾರದು, ಎಣ್ಣೆಯೇ ಹೋಗಬೇಕು. ಆದ್ದರಿಂದ ಎಣ್ಣೆಯನ್ನು ತಣಿಸುವ ಬೇರೆ ಕೂಲರೂ ಬೇಕು. ನಮ್ಮ ತರುಣನು ಕೆಲಸಮಾಡಿದ ಪೀಳಿಗೆಯ ಕಾರಿನಲ್ಲಿ ಎರಡು ಟರ್ಬೊಗಳೂ ಸೇರಿ ಮೂತಿಯೊಳಗಿನ ಕಾವು ಮತ್ತಷ್ಟು ಏರುತ್ತದೆ.

ಇನ್ನು ಕಾವು ಮೀರಿದರೆ ಎಂಜಿನನ್ನೇ ಬಿಚ್ಚಬೇಕು ಏಕೆ? ರೋಟರು ಸುತ್ತುವ ಕೋಣೆಯು ಅಲ್ಯುಮಿನಿಯಮಿನದು, ಅದರ ಎರಡೂ ಬದಿಯ ಮುಚ್ಚಳಗಳು ಬೀಡುಕಬ್ಬಿಣದವು. ಇವೆಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ನಡುವೆ ನೀರು ಸೋರದಂತೆ ತೆಳುವಾದ ರಬ್ಬರಿನ ಉಂಗುರಗಳು. ಕಾವು ಏರಿದಾಗ ಅಲ್ಯುಮಿನಿಯಮು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದು, ಮೈ ಡೊಂಕಾಗುವುದು, ಉಂಗುರವು ಸುಟ್ಟು ಸೀಳುವುದು. ಆಮೇಲೆ ನೀರು ಉರಿಯುವ ಎಡೆಗೆ ನುಗ್ಗುವುದು. ಕೆಲವೇ ರೂಪಾಯಿಗಳ ಒಂದು ಉಂಗುರವನ್ನು ಬದಲಾಯಿಸಲು ಇಡೀ ಎಂಜಿನನ್ನು ಇಳಿಸಿ ಬಿಚ್ಚದೆ ಗತ್ಯಂತರವಿಲ್ಲ.

ಆರ್‌ಎಕ್ಸ್-7ರ ಮೂರನೆಯ ಪೀಳಿಗೆಯ ಕಾರುಗಳಲ್ಲಿ ರೇಡಿಯೇಟರಿನ ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕಿನವು. ನೀರಿನೊಳಗಿನ ಗಾಳಿಯನ್ನು ಬೇರ್ಪಡಿಸುವ ಪುಟ್ಟ ತೊಟ್ಟಿಯೂ ಪ್ಲಾಸ್ಟಿಕಿನದು. ವಯಸ್ಸಾದಂತೆ ಕಾವಿಗೆ ಅವು ಬಿರಿಯುತ್ತವೆ. ಆದ್ದರಿಂದಲೇ ಪೂರ್ತಿ ಅಲ್ಯುಮಿನಿಯಮಿನಿಂದ ಬೆಸೆದ ದಪ್ಪ ರೇಡಿಯೇಟರನ್ನು ಹೊರಗಿನಿಂದ ತಂದು ಕೂಡಿಸುವ ಪರಿಪಾಠ ಬೆಳೆಯಿತು. ನಮ್ಮ ತರುಣನು ಈ ಕೆಲಸವನ್ನು ಹೇಳಿದ ಕ್ರಮವು ಬೇರೆಯವರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತೇವೆ.

ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳಕ್ಕೆ ಕೈಹಚ್ಚಬೇಕು. ಹಳೆಯದನ್ನು ಇಳಿಸಿದೊಡನೆ ಹೊಸದರ ಪಕ್ಕದಲ್ಲಿಟ್ಟು, ಕೂಡಿಸುವ ಗೂಟಗಳನ್ನೂ ಕೊಳವೆಯ ಬಾಯಿಗಳನ್ನೂ ಅಳೆದು ನೋಡಬೇಕು. ಹೊಸದು ದಪ್ಪವಾಗಿರುವುದರಿಂದ ಹಿಂದಿನ ಫ್ಯಾನಿಗೆ ಎಡೆ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಫ್ಯಾನಿನ ಸುತ್ತಣ ಮುಸುಕನ್ನು ಬಿಟ್ಟುಬಿಡಬಾರದು. ಬಿಟ್ಟರೆ ಗಾಳಿಯು ಫ್ಯಾನಿನ ವೃತ್ತದಷ್ಟೇ ಜಾಗದಿಂದ ಬಂದು, ಉಳಿದ ಭಾಗವು ವ್ಯರ್ಥವಾಗುವುದು. ರೇಡಿಯೇಟರು ರಬ್ಬರಿನ ಮೆತ್ತೆಯ ಮೇಲೆಯೇ ಕೂರಬೇಕು. ಇಲ್ಲವಾದರೆ ಕಾರಿನ ಕುಲುಕಾಟಕ್ಕೆ ಬೆಸುಗೆ ಬಿಡುವುದು.

ಎಲ್ಲಕ್ಕೂ ಮುಖ್ಯವಾದುದು ಗಾಳಿಯ ದಾರಿ. ಕಾರಿನ ಮೂತಿಯಿಂದ ಬಂದ ಗಾಳಿಯು ರೇಡಿಯೇಟರಿನ ಸಣ್ಣ ಕಂಡಿಗಳಲ್ಲಿ ನುಸುಳುವ ಬದಲು ಪಕ್ಕದ ಸಂದುಗಳಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುವುದು. ಆ ಸಂದುಗಳನ್ನೆಲ್ಲ ತಗಡಿನಿಂದಲೂ ಸ್ಪಂಜಿನಿಂದಲೂ ಮುಚ್ಚಬೇಕು. ಇದನ್ನು ಮಾಡದೆ ಎಷ್ಟು ಬೆಲೆಯ ರೇಡಿಯೇಟರನ್ನು ತಂದರೂ ಫಲ ಕಡಿಮೆ. ನಮ್ಮ ಬಿಸಿಲು ನಾಡಿನ ಅನೇಕ ಮೆಕ್ಯಾನಿಕರು ಥರ್ಮೋಸ್ಟಾಟನ್ನು ಕಿತ್ತೆಸೆದರೆ ಎಂಜಿನ್ನು ತಂಪಾಗಿರುವುದೆಂದು ನಂಬುತ್ತಾರೆ. ಈ ಎಂಜಿನಿನಲ್ಲಿ ಅದು ದೊಡ್ಡ ತಪ್ಪು. ಇಲ್ಲಿ ಥರ್ಮೋಸ್ಟಾಟು ತೆರೆದಾಗ ಒಳದಾರಿಯೊಂದನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಆ ಒಳದಾರಿಯಿಂದಲೇ ಎಂಜಿನಿಗೆ ಮರಳಿ, ಕಾವು ಇನ್ನೂ ಏರುವುದು.

ಕೊನೆಗೆ ಶುದ್ಧೀಕರಿಸಿದ ನೀರನ್ನೂ ಕೂಲಂಟನ್ನೂ ಸಮಭಾಗವಾಗಿ ಬೆರೆಸಿ ಮೆಲ್ಲಮೆಲ್ಲನೆ ತುಂಬಬೇಕು. ಹೀಟರನ್ನು ತೆರೆದಿಟ್ಟು, ಮುಚ್ಚಳ ಹಾಕದೆ ಎಂಜಿನನ್ನು ನಿಧಾನವಾಗಿ ಓಡಿಸಿ, ಗುಳ್ಳೆಗಳು ನಿಲ್ಲುವವರೆಗೆ ಕಾಯಬೇಕು. ಒಳಗೆ ಸಿಕ್ಕಿಕೊಂಡ ಗಾಳಿಯ ಒಂದು ಗುಳ್ಳೆಯು ಎಲ್ಲಿ ನಿಲ್ಲುವುದೋ ಅಲ್ಲಿ ಲೋಹವು ಬೇಯುವುದು. ಕಾರಿನ ಸ್ವಂತ ಕಾವುಮಾಪಕದ ಮುಳ್ಳನ್ನು ನೆಚ್ಚುವಂತಿಲ್ಲ. ಅದು ಬಹಳ ಹೊತ್ತು ನಡುವಿನಲ್ಲೇ ನಿಂತಿದ್ದು, ಅನಾಹುತವಾದ ಮೇಲೆ ಮೇಲೇರುವುದು. ಆದ್ದರಿಂದ ತಿಳಿದವರು ಬೇರೊಂದು ಮಾಪಕವನ್ನು ಜೊತೆಗೇ ಕೂಡಿಸುತ್ತಾರೆ.

ಸಂಜೆಯ ಬಾಳು

ವಾಂಕೆಲನಿಗೆ ಸಂಪತ್ತೂ ಸನ್ಮಾನವೂ ತಡವಾಗಿ, ಆದರೆ ಧಾರಾಳವಾಗಿ ಬಂದವು. 1969ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವು, ಕಾಲೇಜಿನ ಮೆಟ್ಟಿಲು ಹತ್ತದ ಆತನಿಗೆ ಗೌರವ ಡಾಕ್ಟರೇಟ್ ನೀಡಿತು. 1971ರಲ್ಲಿ ಆತನೂ ಪಾಲುದಾರನೂ ಕೂಡಿ ತಮ್ಮ ಹಕ್ಕುಗಳ ಕಂಪೆನಿಯನ್ನು ಬ್ರಿಟನ್ನಿನ ಲೋನ್ರೋ ಸಂಸ್ಥೆಗೆ ಹತ್ತು ಕೋಟಿ ಮಾರ್ಕುಗಳಿಗೆ ಮಾರಿದರು. ಆದರೆ 1973ರ ತೈಲದ ಬಿಕ್ಕಟ್ಟಿನಲ್ಲಿ ಪೆಟ್ರೋಲು ದುಬಾರಿಯಾಗಿ, ಹೆಚ್ಚು ಕುಡಿಯುವ ಈ ಎಂಜಿನನ್ನು ದೊಡ್ಡ ಕಂಪೆನಿಗಳು ಒಂದೊಂದಾಗಿ ಕೈಬಿಟ್ಟವು. ಬಿಡದೆ ಹಿಡಿದುದು ಹಿರೋಶಿಮಾದ ಕಂಪೆನಿ.

ಪ್ರಾಣಿಗಳ ಮೇಲೆ ಆತನಿಗೆ ಅಪಾರ ಕನಿಕರವಿತ್ತು. ಪ್ರಯೋಗಶಾಲೆಗಳಲ್ಲಿ ಪ್ರಾಣಿಗಳನ್ನು ಹಿಂಸಿಸದೆ ಸಂಶೋಧನೆ ಮಾಡುವ ಮಾರ್ಗಗಳಿಗಾಗಿ ತನ್ನ ಹೆಸರಿನಲ್ಲಿ ಬಹುಮಾನವೊಂದನ್ನು ಸ್ಥಾಪಿಸಿದನು. ಮೂಕಪ್ರಾಣಿಗಳ ನೋವಿಗೆ ಮರುಗಿದ ಇದೇ ಹೃದಯವು ಯೌವನದಲ್ಲಿ ನೆರೆಹೊರೆಯ ಮನುಷ್ಯರನ್ನು ದ್ವೇಷಿಸುವವರ ಸಾಲಿನಲ್ಲಿ ನಿಂತಿತ್ತೆಂಬುದನ್ನು ನೆನೆದರೆ ಮನಸ್ಸು ಮುದುಡುವುದು. 1936ರಲ್ಲಿ ಕೈಹಿಡಿದ ಪತ್ನಿಯು 1975ರಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. 1988ರ ಅಕ್ಟೋಬರ್ 9ರಂದು ಹೈಡೆಲ್‌ಬರ್ಗಿನಲ್ಲಿ ವಾಂಕೆಲನು ಎಂಬತ್ತಾರನೆಯ ವಯಸ್ಸಿನಲ್ಲಿ ನಿಧನಹೊಂದಿದನು. ಮೂರು ವರ್ಷಗಳ ತರುವಾಯ, 1991ರಲ್ಲಿ, ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ತಾಸಿನ ಮಹಾಸ್ಪರ್ಧೆಯನ್ನು ನಾಲ್ಕು ರೋಟರುಗಳ ಮಜ್ದಾ ಕಾರು ಗೆದ್ದುದನ್ನು ಆತನು ನೋಡಲಿಲ್ಲ. ಅದಾದ ಬಹಳ ಕಾಲಕ್ಕೆ, 2023ರಲ್ಲಿ, ಅದೇ ಕಂಪೆನಿಯು ವಿದ್ಯುತ್ ಕಾರೊಂದರ ಬ್ಯಾಟರಿಗೆ ಕರೆಂಟು ತುಂಬುವ ಕೆಲಸಕ್ಕೆ ಒಂಟಿ ರ‍ೋಟರಿನ ಎಂಜಿನನ್ನು ಮತ್ತೆ ಹೂಡಿತು.

ನಮ್ಮ ತರುಣನಿಗೆ

ವಾಂಕೆಲನ ಪ್ರತಿಭೆಯು ಮುಚ್ಚುವ ವಿದ್ಯೆಯಲ್ಲಿತ್ತು. ಉರಿಯನ್ನು ಸೋರಗೊಡದೆ ಹಿಡಿದಿಡುವುದನ್ನು ಆತನು ಲೋಕಕ್ಕೆ ಕಲಿಸಿದನು. ಹಿಡಿದಿಟ್ಟ ಉರಿಯ ಕಾವನ್ನು ಹೊರಗೊಯ್ಯುವ ಭಾರವು ಬೇರೆಯವರ ಪಾಲಿಗೆ ಬಂದಿತು. ಪಾಶ್ಕೆಯು ಕೋಣೆಯನ್ನು ನಿಲ್ಲಿಸಿದನು, ಹಿರೋಶಿಮಾದವರು ಗೀರುಗಳನ್ನು ಅಳಿಸಿದರು, ಹೆಸರಿಲ್ಲದ ಗ್ಯಾರೇಜಿನ ಕೆಲಸಗಾರರು ಸಂದುಗಳಿಗೆ ಸ್ಪಂಜು ತುರುಕಿ ರೇಡಿಯೇಟರು ಕೂಡಿಸಿದರು. ಒಬ್ಬನ ಹೆಸರಿನ ಯಂತ್ರವು ನೂರು ಕೈಗಳಿಂದ ನಡೆಯುವುದು. ಎರಡು ದಿನ ಕಾರಿನ ಮೂತಿಯೊಳಗೆ ತಲೆಯಿಟ್ಟು ದುಡಿದ ನಮ್ಮ ತರುಣನ ಕೈಯೂ ಅವುಗಳಲ್ಲೊಂದು ಎಂಬುದನ್ನು ಆತನು ಹೆಮ್ಮೆಯಿಂದ ನೆನೆಯಲಿ.

ಇಂತಹವನನ್ನು ಗೌರವಿಸಬೇಕೇ ಎಂದು ಆತನು ಕೇಳಿದರೆ ನಮ್ಮ ಉತ್ತರವು ಇಷ್ಟೇ: ಆತನ ವಿದ್ಯೆಯನ್ನು ಕಲಿಯೋಣ, ಆತನ ಛಲವನ್ನು ಕಲಿಯೋಣ, ಆತನು ನಿಂತ ಸಾಲನ್ನು ಮರೆಯದಿರೋಣ. ಊರು ಬಿಟ್ಟು ಪರಭಾಷೆಯವರ ನಡುವೆ ಅನ್ನ ಸಂಪಾದಿಸುತ್ತಿರುವ ನಮಗೆ, ನೆರೆಯವರನ್ನು ದೂಷಿಸುವ ಗುಂಪುಗಳ ಬಿಸಿ ಏನೆಂಬುದು ತಿಳಿಯದ್ದಲ್ಲ. ಅಂತಹ ಗುಂಪುಗಳಿಗೆ ಬುದ್ಧಿವಂತನಾದ ಇಪ್ಪತ್ತರ ತರುಣನಷ್ಟು ಪ್ರಿಯನಾದ ಬೇಟೆ ಬೇರೊಂದಿಲ್ಲ. ಕಾರಿನ ಮುಳ್ಳಿನಂತೆಯೇ ಮನುಷ್ಯನ ಮುಳ್ಳೂ ಬಹಳ ಹೊತ್ತು ನಡುವಿನಲ್ಲಿ ನಿಂತಿರುವುದು. ಕಾವು ಏರಿದುದು ಗೊತ್ತಾಗುವಷ್ಟರಲ್ಲಿ ಒಳಗಿನ ಉಂಗುರವು ಸುಟ್ಟಿರುವುದು. ಕೈಗೆ ಕೆಲಸವೂ ತಲೆಗೆ ತಂಪೂ ಇರಲೆಂದು ಆತನನ್ನು ಹರಸುತ್ತ ಈ ಲೇಖನವನ್ನು ಮುಗಿಸುತ್ತೇವೆ.